ಗಡುವಿನ ಲೆಕ್ಕ ತಪ್ಪುವುದೆಲ್ಲಿ?

ಸಿಡ್ನಿ ಬಂದರಿನ ಆಪೆರಾ ಹೌಸ್ ಪ್ರವಾಸಿಗರ ಕಣ್ಣಿಗೆ ಹಬ್ಬ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಲಿಸುವ ಮೇಷ್ಟರಿಗೆ ಅದು ಎಂದೂ ಹಳತಾಗದ ಪಾಠ. 1957ರಲ್ಲಿ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾರ್ನ್ ಉಟ್ಸನ್ ಅವರ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದಾಗ ಹಾಕಿಕೊಂಡ ಲೆಕ್ಕ 70 ಲಕ್ಷ ಆಸ್ಟ್ರೇಲಿಯನ್ ಡಾಲರ್, ಗಡುವು 1963. ಬಾಗಿಲು ತೆರೆದದ್ದು 1973ರಲ್ಲಿ. ಅಷ್ಟರೊಳಗೆ ಖರ್ಚು 10.2 ಕೋಟಿ ಮುಟ್ಟಿತ್ತು. ಚಿಪ್ಪಿನಾಕಾರದ ಚಾವಣಿಯನ್ನು ಕಟ್ಟುವುದು ಹೇಗೆ ಎಂಬುದು ಬಗೆಹರಿಯುವ ಮೊದಲೇ 1959ರಲ್ಲಿ ಕಾಮಗಾರಿ ಶುರುವಾಗಿತ್ತು. ಕೆಳಗಿನ ಕಂಬಗಳು ಚಾವಣಿಯ ಭಾರ ತಡೆಯಲಾರವೆಂದು ಆಮೇಲೆ ತಿಳಿದು ಅವನ್ನು ಮತ್ತೆ ಕಟ್ಟಬೇಕಾಯಿತು. ಉಟ್ಸನ್ 1966ರಲ್ಲೇ ಕೆಲಸ ಬಿಟ್ಟು ಹೊರನಡೆದರು.

ಹಿಡಿದ ಕೆಲಸವನ್ನು ಹೇಳಿದ ಹೊತ್ತಿಗೆ, ಹೇಳಿದ ಹಣದಲ್ಲಿ ಮುಗಿಸುವುದು ಹೇಗೆ ಎಂಬ ಪ್ರಶ್ನೆಗೆ ಒಂದು ಶತಮಾನದಿಂದ ಉತ್ತರ ಹುಡುಕಲಾಗುತ್ತಿದೆ. ವೇಳಾಪಟ್ಟಿ ಸರಿಯಿದ್ದರೆ ಸಾಕು ಎಂದು ಮೊದಲಿನವರು ನಂಬಿದರು. ಗಣಿತ ಬೇಕು ಎಂದು ಅನಂತರದವರು ಹೇಳಿದರು. ಅಂದಾಜು ಹಾಕುವ ಮನುಷ್ಯನ ಮೇಲೆಯೇ ಅನುಮಾನ ಬಂದದ್ದು ತೀರ ತಡವಾಗಿ.

ವೇಳಾಪಟ್ಟಿಯ ಕಾಲದ ದೊಡ್ಡ ಹೆಸರು ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್. 1910ರ ದಶಕದಲ್ಲಿ ಅವರು ಬಳಕೆಗೆ ತಂದ ಚಾರ್ಟಿನಲ್ಲಿ ಅಡ್ಡಕ್ಕೆ ದಿನಾಂಕ, ಒಂದೊಂದು ಕೆಲಸಕ್ಕೆ ಒಂದೊಂದು ಪಟ್ಟೆ. ಇಂಥದ್ದೇ ವಿಧಾನವನ್ನು ಪೋಲೆಂಡಿನ ಕರೋಲ್ ಆಡಮಿಯೆಟ್ಸ್ಕಿ 1896ರಲ್ಲೇ ರೂಪಿಸಿದ್ದರೂ ಹೆಸರು ಉಳಿದದ್ದು ಗ್ಯಾಂಟ್ ಅವರದು. ಇಂದಿಗೂ ಕಚೇರಿಗಳ ಎಕ್ಸೆಲ್ ಶೀಟಿನಲ್ಲಿ ಬಣ್ಣಬಣ್ಣದ ಪಟ್ಟೆಗಳಾಗಿ ಕಾಣುವುದು ಅದೇ. ಯಾವ ಕೆಲಸ ಎಷ್ಟು ಹಿಂದುಳಿದಿದೆ ಎಂಬುದನ್ನು ಆ ಚಾರ್ಟ್ ಒಂದೇ ನೋಟಕ್ಕೆ ತೋರಿಸಿತು. ಒಂದು ಕೆಲಸ ಇನ್ನೊಂದನ್ನು ಎಲ್ಲಿ ತಡೆದು ನಿಲ್ಲಿಸಿದೆ ಎಂಬುದು ಮಾತ್ರ ಅದರಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು 1950ರ ದಶಕದ ಕೊನೆಯಲ್ಲಿ ಬಂದ ಎರಡು ವಿಧಾನಗಳು. ಡುಪಾಂಟ್ ರಾಸಾಯನಿಕ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆಯ ಜೇಮ್ಸ್ ಕೆಲ್ಲಿ ಸೇರಿ ಯೂನಿವ್ಯಾಕ್ ಕಂಪ್ಯೂಟರಿನ ನೆರವಿನಿಂದ ‘ಕ್ರಿಟಿಕಲ್ ಪಾತ್’ ವಿಧಾನ ರೂಪಿಸಿದರು. ಕಚೇರಿಯೊಂದು ಹೊಸ ಕಟ್ಟಡಕ್ಕೆ ಹೋಗುತ್ತಿದೆ ಎನ್ನೋಣ. ವೈರಿಂಗ್ ಮುಗಿಯದೆ ಸರ್ವರ್ ಕೂರಿಸಲಾಗದು, ಸರ್ವರ್ ಇಲ್ಲದೆ ಸಿಬ್ಬಂದಿ ಬಂದು ಪ್ರಯೋಜನವಿಲ್ಲ. ಕಿಟಕಿಯ ಪರದೆ ಹದಿನೈದು ದಿನ ತಡವಾಗಿ ಬಂದರೂ ಯಾರ ಕೆಲಸವೂ ನಿಲ್ಲದು. ಒಂದು ದಿನ ತಪ್ಪಿದರೆ ಇಡೀ ಯೋಜನೆಯೇ ಒಂದು ದಿನ ಜಾರುವಂಥ ಕೆಲಸಗಳ ಸರಣಿಯನ್ನು ಬೇರೆ ಮಾಡಿ ತೋರಿಸುವುದೇ ಈ ವಿಧಾನದ ಹೂರಣ.

ಎರಡನೆಯದು 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ತಂದ ‘ಪರ್ಟ್’. ಇಲ್ಲಿ ಪ್ರತಿ ಕೆಲಸಕ್ಕೂ ಮೂರು ಅಂದಾಜು: ಎಲ್ಲವೂ ಸರಾಗವಾದರೆ, ಎಂದಿನಂತೆ ನಡೆದರೆ, ಎಲ್ಲವೂ ಕೈಕೊಟ್ಟರೆ. ವರದಿಯೊಂದಕ್ಕೆ ಕ್ರಮವಾಗಿ 4, 6, 14 ದಿನ ಎಂದುಕೊಂಡರೆ, ನಡುವಿನದಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟು 6ರಿಂದ ಭಾಗಿಸಿದಾಗ ಬರುವುದು 7 ದಿನ. ಪೊಲಾರಿಸ್ ಯಶಸ್ವಿಯಾಯಿತು, ಪರ್ಟ್ ಮನೆಮಾತಾಯಿತು. ಆದರೆ ಯೋಜನೆಯ ಒಳಹೊರಗನ್ನು ಕೆದಕಿ 1972ರಲ್ಲಿ ಪುಸ್ತಕ ಬರೆದ ಹಾರ್ವೆ ಸಪೋಲ್ಸ್ಕಿ ಕಂಡದ್ದು ಬೇರೆ. ಮೇಲಿನವರು ಪದೇ ಪದೇ ಕೈಹಾಕದಂತೆ ತಡೆಯುವ ಗುರಾಣಿಯಾಗಿಯೇ ಆ ಚಾರ್ಟುಗಳು ಹೆಚ್ಚು ಉಪಯೋಗಕ್ಕೆ ಬಂದಿದ್ದವು.

ಗಣಿತದ ಮೇಲಿನ ಭರವಸೆಗೆ ದೊಡ್ಡ ಪೆಟ್ಟು ಬಿದ್ದದ್ದು ಸಾಫ್ಟ್‌ವೇರಿನಲ್ಲಿ. ಐಬಿಎಂನ ಓಎಸ್/360 ಯೋಜನೆಯನ್ನು ಮುನ್ನಡೆಸಿದ ಫ್ರೆಡ್ ಬ್ರೂಕ್ಸ್, ಆ ಕೆಲಸ ತಡವಾದ ಬಗೆಯನ್ನು 1975ರ ತಮ್ಮ ಪುಸ್ತಕದಲ್ಲಿ ಬಿಡಿಸಿಟ್ಟರು. ಹಿಂದೆ ಬಿದ್ದ ಯೋಜನೆಗೆ ಹೊಸಬರನ್ನು ತುಂಬಿದರೆ ಅದು ಇನ್ನಷ್ಟು ಹಿಂದೆ ಬೀಳುತ್ತದೆ ಎಂಬುದು ಅವರ ಅನುಭವ. ಹೊಸಬರಿಗೆ ಕಲಿಸುವವರು ಹಳಬರೇ. ಹಾಗಾಗಿ ಇದ್ದ ಕೈಗಳೂ ಕೆಲಸ ಬಿಡುತ್ತವೆ. ಮಾತುಕತೆಯ ಹೊರೆ ಬೇರೆ: ಐವರ ತಂಡದಲ್ಲಿ ಇಬ್ಬಿಬ್ಬರ ನಡುವಿನ ಕೊಂಡಿಗಳು 10, ಹತ್ತು ಮಂದಿಯಾದರೆ 45.

ಎಲ್ಲವನ್ನೂ ಮೊದಲೇ ಬರೆದಿಟ್ಟು, ವರ್ಷಗಟ್ಟಲೆ ಕಟ್ಟಿ, ಕೊನೆಯಲ್ಲಿ ಗ್ರಾಹಕರ ಮುಂದಿಡುವ ಪದ್ಧತಿಗೆ ಪ್ರತಿಯಾಗಿ 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ ಸೇರಿದ 17 ಮಂದಿ ಅಜೈಲ್ ಪ್ರಣಾಳಿಕೆ ಹೊರಡಿಸಿದರು. ಕೆಲಸವನ್ನು ತುಂಡು ಮಾಡು, ಎರಡು ಮೂರು ವಾರಕ್ಕೊಮ್ಮೆ ಏನಾದರೂ ನಡೆಯುವಂಥದ್ದನ್ನು ತೋರಿಸು, ಬದಲಾವಣೆ ಕೇಳಿದರೆ ಮುಖ ಗಂಟಿಕ್ಕಬೇಡ ಎಂಬುದು ಅದರ ಬಳಕೆಯ ರೂಪ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ‘ಸ್ಪ್ರಿಂಟ್’ (ಕೆಲವು ವಾರಗಳ ಕೆಲಸದ ಸುತ್ತು), ‘ಸ್ಟ್ಯಾಂಡಪ್’ (ತಂಡದ ದಿನನಿತ್ಯದ ಚುಟುಕು ಸಭೆ) ದಿನಬಳಕೆಯ ಮಾತುಗಳಾದವು. ಆದರೆ ಒಪ್ಪಂದದಲ್ಲಿ ಹಣ, ದಿನಾಂಕ, ಕೆಲಸದ ಪಟ್ಟಿ ಮೂರೂ ಮೊದಲೇ ಬರೆದಿರುವ ಕಡೆ ಸ್ಟ್ಯಾಂಡಪ್ ಬೆಳಗಿನ ಹಾಜರಿ ಕರೆಯುವ ಮಟ್ಟಕ್ಕೆ ಇಳಿಯುವುದೂ ಉಂಟು.

ಅಷ್ಟರಲ್ಲಿ ಮನಶ್ಶಾಸ್ತ್ರಜ್ಞರು ಬೇರೆ ದಿಕ್ಕಿನಿಂದ ಬಂದಿದ್ದರು. ಜನ ತಮ್ಮ ಕೆಲಸಕ್ಕೆ ಬೇಕಾದ ಸಮಯವನ್ನು ಕಡಿಮೆಯೆಂದೇ ಅಂದಾಜಿಸುತ್ತಾರೆ ಎಂದು 1979ರಲ್ಲಿ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ ಗುರುತಿಸಿದರು. 1994ರಲ್ಲಿ ಕೆನಡಾದ ಸಂಶೋಧಕರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನೇ ಕೇಳಿ ನೋಡಿದರು. ಅವರು ಹೇಳಿದ ಸರಾಸರಿ ಸುಮಾರು 34 ದಿನ. ಎಲ್ಲವೂ ಎಡವಟ್ಟಾದರೆ ಸುಮಾರು 49. ನಿಜಕ್ಕೂ ಹಿಡಿದದ್ದು 55 ದಿನಕ್ಕಿಂತ ಹೆಚ್ಚು.

ಈ ಎಳೆಯನ್ನು ಹಿಡಿದ ಡೆನ್ಮಾರ್ಕಿನ ಬೆಂಟ್ ಫ್ಲೂಬಿಯರ್ ದೇಶ ದೇಶಗಳ 16,000ಕ್ಕೂ ಹೆಚ್ಚು ಯೋಜನೆಗಳ ದಾಖಲೆ ಕಲೆಹಾಕಿದರು. 2023ರ ಪುಸ್ತಕದಲ್ಲಿ ಅವರು ಕೊಟ್ಟ ಲೆಕ್ಕದಂತೆ ಹಣ ಮತ್ತು ಸಮಯ ಎರಡನ್ನೂ ಮೀರದವು 100ಕ್ಕೆ 8.5 ಮಾತ್ರ. ಹೇಳಿದ ಪ್ರಯೋಜನವನ್ನೂ ಕೊಟ್ಟವು 100ಕ್ಕೆ ಅರ್ಧ, ಅಂದರೆ 200ಕ್ಕೆ ಒಂದು. ಕಾಗದದ ಮೇಲೆ ನಿಧಾನವಾಗಿ ಯೋಚಿಸಿ, ಕಟ್ಟುವಾಗ ಬೇಗ ಕಟ್ಟಿ ಎಂಬುದು ಅವರ ಸಲಹೆ. ಕಾಗದದಲ್ಲಿ ತಿದ್ದುವ ಖರ್ಚು ಕಡಿಮೆ. ಕಂಬ ಎದ್ದ ಮೇಲೆ ತಿದ್ದುವುದು ದುಬಾರಿ.

ನಮ್ಮ ಸುತ್ತಲಿನ ಉದಾಹರಣೆಗಳೂ ಇದಕ್ಕೆ ಹೊಂದುತ್ತವೆ. ಮಂಗಳಯಾನಕ್ಕೆ ಒಪ್ಪಿಗೆ ಸಿಕ್ಕಿದ್ದು 2012ರ ಆಗಸ್ಟ್, ಉಡಾವಣೆ 2013ರ ನವೆಂಬರ್ 5, ಖರ್ಚು ಸುಮಾರು 450 ಕೋಟಿ ರೂಪಾಯಿ. ಮಂಗಳಕ್ಕೆ ಹೊರಡುವ ಅವಕಾಶ ಸುಮಾರು 26 ತಿಂಗಳಿಗೊಮ್ಮೆ ಬರುವುದರಿಂದ ಗಡುವನ್ನು ಯಾರೂ ಮುಂದೂಡುವಂತಿರಲಿಲ್ಲ. ಪಳಗಿದ ಪಿಎಸ್‌ಎಲ್‌ವಿ ರಾಕೆಟ್ ಮತ್ತು ಚಂದ್ರಯಾನ-1ರ ಅನುಭವದ ಮೇಲೆ ನಿಂತ ನೌಕೆ ಇದ್ದುದರಿಂದ ಗೊತ್ತಿಲ್ಲದ ಸಂಗತಿಗಳು ಕಡಿಮೆಯಾದವು. ‘ನಮ್ಮ ಮೆಟ್ರೊ’ ಮೊದಲ ಹಂತಕ್ಕೆ ಆ ಅನುಕೂಲವಿರಲಿಲ್ಲ. 2006ರಲ್ಲಿ ಅಡಿಗಲ್ಲು ಬಿತ್ತು, 33 ಕಿ.ಮೀ. ಮಾರ್ಗ ನಡುವೆ 42.3 ಕಿ.ಮೀ. ಆಯಿತು, ನೆಲದಡಿಯ ಗಟ್ಟಿ ಬಂಡೆ ಸುರಂಗ ಕೊರೆಯುವ ಯಂತ್ರಗಳನ್ನು ಕಾಡಿತು. ಇಡೀ ಹಂತ ಮುಗಿದದ್ದು 2017ರ ಜೂನ್‌ನಲ್ಲಿ.

ಇವೆರಡರ ನಡುವೆ ನಿಲ್ಲುವುದು ಕೊಂಕಣ ರೈಲ್ವೆ. ಇ. ಶ್ರೀಧರನ್ ನೇತೃತ್ವದಲ್ಲಿ 1990ರಲ್ಲಿ ಪ್ರತ್ಯೇಕ ನಿಗಮ ರಚನೆಯಾಯಿತು. ಸಣ್ಣಪುಟ್ಟದಕ್ಕೂ ದೆಹಲಿಗೆ ಕಡತ ಓಡಿಸುವ ಬದಲು ಸ್ಥಳದಲ್ಲಿದ್ದ ಎಂಜಿನಿಯರುಗಳಿಗೇ ತೀರ್ಮಾನದ ಅಧಿಕಾರ ಸಿಕ್ಕಿತು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೊಮೀಟರಿಗೂ ಉದ್ದದ ಸೇತುವೆ ಎದ್ದಿತು. ಹಾಗಿದ್ದೂ ಗೋವೆಯ ಮಾರ್ಗ ವಿವಾದ, ಪೆರ್ನೆಮ್ ಸುರಂಗದ ಮೆತ್ತನೆಯ ಮಣ್ಣು ಕೆಲಸವನ್ನು ಎಳೆದವು; ಪೂರ್ಣ ಮಾರ್ಗ ತೆರೆದದ್ದು 1998ರ ಜನವರಿ 26ರಂದು.

ಈ ಕ್ಷೇತ್ರದ ಪ್ರಮುಖ ಸಂಸ್ಥೆಯಾದ ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್‌ನ ಕೈಪಿಡಿಯಲ್ಲೂ ಲೆಕ್ಕಾಚಾರದಿಂದ ಮನುಷ್ಯನ ತೀರ್ಮಾನದ ಕಡೆಗೆ ಸರಿದ ಈ ಪಲ್ಲಟ ಕಾಣುತ್ತದೆ. 2017ರ ಆವೃತ್ತಿ 49 ಪ್ರಕ್ರಿಯೆಗಳ ಸುತ್ತ ಹೆಣೆದದ್ದು. 2021ರ ಆವೃತ್ತಿ 12 ತತ್ವಗಳಿಗೆ ಮೊದಲ ಮಣೆ ಹಾಕಿತು. ಕಚೇರಿಗಳಲ್ಲಿ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದ ಒಂದು ಸುಲಭ ಅಭ್ಯಾಸವೂ ಬಳಕೆಗೆ ಬಂದಿದೆ: ಕೆಲಸ ಶುರುವಾಗುವ ಮೊದಲೇ ‘ಯೋಜನೆ ನೆಲಕಚ್ಚಿತು’ ಎಂದು ಭಾವಿಸಿಕೊಂಡು, ಕಾರಣವನ್ನು ತಂಡದ ಪ್ರತಿಯೊಬ್ಬರೂ ಬರೆಯುವುದು. ಹೊಸ ಅಂದಾಜನ್ನು ಹಳೆಯ ಇಂಥದ್ದೇ ಕೆಲಸಗಳ ಜೊತೆ ಹೋಲಿಸಿ ನೋಡುವ ಫ್ಲೂಬಿಯರ್ ವಿಧಾನಕ್ಕೆ ಬೇಕಾದದ್ದು ಇನ್ನೊಂದಿದೆ. ಮುಗಿದ ಯೋಜನೆಗಳಿಗೆ ನಿಜವಾಗಿ ಎಷ್ಟು ದಿನ ಹಿಡಿಯಿತು, ಎಷ್ಟು ಹಣ ಹೋಯಿತು ಎಂಬ ದಾಖಲೆಯನ್ನು ಕಚೇರಿಯೇ ಇಟ್ಟಿರಬೇಕು. ತಂಡ ಚದುರಿ ಮುಂದಿನ ಕ್ಲೈಂಟಿನ ಕೆಲಸಕ್ಕೆ ಹೊರಡುವ ವಾರದಲ್ಲಿ ಆ ದಾಖಲೆ ಬರೆಯಲು ಯಾರ ಹೆಸರಿನಲ್ಲೂ ಸಮಯ ಹಂಚಿರುವುದಿಲ್ಲ.