ಮರಕ್ಕೆ ಸಿಕ್ಕ ನೆಲ

ಕಲಬುರಗಿಯ ರೋಜಾದಾಗಾಗಲಿ, ಅತ್ತ ಕಮಲಾಪುರದ ಬಿಸಿಲ ನೆಲದಾಗಾಗಲಿ ರಬ್ಬರ್ ಮರ ಬೆಳೆಯೂದಿಲ್ಲ. ಅದಕ್ಕೆ ಧೋ ಎನ್ನುವ ಮಳೆ ಬೇಕು. ಆದರೂ ಆ ಮರದ ಹಾಲು ನಮ್ಮ ಸೈಕಲ್ಲಿನ ಗಾಲಿಯಲ್ಲದ, ಕಾಲಿನ ಚಪ್ಪಲಿಯಲ್ಲದ. ಆ ಹಾಲು ಇಳಿಸಿದ ಕೈ ಯಾರವು? ನಾವು ಓದಿದ ಪುಸ್ತಕ ಅದನ್ನು ಹೇಳಲಿಲ್ಲ.

ಈ ಮರದ ತವರು ಅಮೆಜಾನ್ ಮಳೆಕಾಡು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವ ಅಲ್ಲಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಮೊಳೆತದ್ದು ಮೂರು ಸಾವಿರಕ್ಕೂ ಕಮ್ಮಿ. ಅದರಲ್ಲಿ ಬಹುಪಾಲು ಸಸಿ ಅದೇ ವರ್ಷ ಸಿಲೋನಿಗೆ ಬಂದವು. ಅತ್ತ ಅಮೆಜಾನಿನ ಪುಟುಮಾಯೊ ಸೀಮೆಯಲ್ಲಿ ರಬ್ಬರ್ ವ್ಯಾಪಾರಿಗಳು ಹುಯಿಟೊಟೊ, ಬೋರಾ ಆದಿವಾಸಿಗಳನ್ನು ಚಾಟಿಯಿಂದ ಹೊಡೆದು, ಉಪವಾಸ ಕೆಡವಿ ಕೊಂದರು. 1910ರಲ್ಲಿ ಅಲ್ಲಿಗೆ ಹೋದ ರೋಜರ್ ಕೇಸ್‌ಮೆಂಟ್ ಬರೆದ ವರದಿ 1912ರಲ್ಲಿ ಅಚ್ಚಾಯಿತು. 1920ರಲ್ಲಿ ವಿಕ್‌ಹ್ಯಾಮ್‌ಗೆ 'ಸರ್' ಪದವಿ ಸಿಕ್ಕಿತು. ಬೀಜ ಒಯ್ದವನಿಗೆ ಬಿರುದು, ಕಾಡಿನ ಮಕ್ಕಳಿಗೆ ಚಾಟಿ!

ಸಿಲೋನಿನ ಚಹಾ, ರಬ್ಬರ್ ತೋಟಗಳಿಗೆ ಕೂಲಿಗಳು ಬೇಕಾದರು. ತಮಿಳು ಸೀಮೆಯ ಬರಬಿದ್ದ ಹಳ್ಳಿಗಳಿಂದ ಕಂಗಾಣಿಗಳು ಜನರನ್ನು ಕೂಡಿಸಿ ಒಯ್ದರು. ಅವರಲ್ಲಿ ಬಹಳ ಮಂದಿ ಪರೈಯರ್, ಪಳ್ಳರ್, ಚಕ್ಕಿಲಿಯರ್. ಅಂದರೆ ನಮ್ಮವರೇ. ಅವರ ಸಾಲವನ್ನು 'ತುಂಡು' ಎಂಬ ಚೀಟಿಯಲ್ಲಿ ಬರೆಯುತ್ತಿದ್ದರು. ಆ ಸಾಲ ತೀರದೆ ಬೇರೆ ತೋಟಕ್ಕೆ ಕಾಲಿಡುವಂತಿಲ್ಲ. ನಮ್ಮ ಕಡೆಯ ಜೀತಕ್ಕೂ ಇದಕ್ಕೂ ಏನು ಫರಕ್? ನಡುವೆ ಒಂದು ಸಮುದ್ರ, ಅಷ್ಟೇ.

ಬ್ರಿಟಿಷರು ಹೋದರು. ಕೂಲಿಗಳಿಗೆ ಸ್ವಾತಂತ್ರ್ಯ ಬಂತೇ? 1948ರ ಸಿಲೋನ್ ಪೌರತ್ವ ಕಾಯಿದೆ ಅವರಲ್ಲಿ ಲಕ್ಷಾಂತರ ಜನರನ್ನು ದೇಶವಿಲ್ಲದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹದ್ದೂರ್ ಶಾಸ್ತ್ರಿ, ಸಿರಿಮಾವೊ ಬಂಡಾರನಾಯಿಕೆ ಒಪ್ಪಂದ ಮಾಡಿಕೊಂಡರು. 9,75,000 ಜನರ ಲೆಕ್ಕ ಅದು. 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ 1,50,000 ಜನರ ಮಾತು ಮುಂದಕ್ಕೆ. ಸಂತೆಯಲ್ಲಿ ಕುರಿ ಹಂಚಿಕೊಂಡಂಗ! ನಿಮಗೆಲ್ಲಿ ಇರೋ ಮನಸ್ಸದ ಅಂತ ಅವರನ್ನು ಕೇಳಿದವರು ಯಾರು?

ಹಾಗೆ ಬಂದವರಲ್ಲಿ ಒಂದು ಪಾಲು ನಮ್ಮದೇ ಕರ್ನಾಟಕದ ಸುಳ್ಯ, ಪುತ್ತೂರು ತಾಲ್ಲೂಕುಗಳಿಗೆ ಬಂತು. 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಅವರಿಗೆ ಕೆಲಸ ಸಿಕ್ಕಿತು. ದೇಶ ಬದಲಾಯಿತು, ಮರ ಬದಲಾಗಲಿಲ್ಲ. ಬಿಸಿಲೇರಿದರೆ ಹಾಲು ಹರಿಯುವುದಿಲ್ಲ. ಅದಕ್ಕೆ ಕೋಳಿ ಕೂಗೋ ಹೊತ್ತಿಗೇ ಏಳಬೇಕು. ತೊಗಟೆಯನ್ನು ಓರೆಯಾಗಿ, ತೆಳುವಾಗಿ ಕೆತ್ತಬೇಕು. ಕತ್ತಿ ಆಳಕ್ಕೆ ಹೋದರೆ ಮರಕ್ಕೆ ಗಾಯ, ಮೇಲೇ ಜಾರಿದರೆ ಹಾಲಿಲ್ಲ. ಇದು ಬರೀ ಕೂಲಿಯಲ್ಲ, ತಲೆಮಾರಿನಿಂದ ಕೈಗೆ ಬಂದ ವಿದ್ಯೆ. ಇಂಥ ವಿದ್ಯಾವಂತರೇ ಜಾತಿ ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ಕಚೇರಿ ಮೆಟ್ಟಿಲು ಹತ್ತಿ ಇಳಿಯಬೇಕಾಯಿತು.

ಅಮೆಜಾನಿನಿಂದ ಬಂದ ಮರಕ್ಕೆ ಯಾರೂ ಪ್ರಮಾಣಪತ್ರ ಕೇಳಲಿಲ್ಲ. ಅದು ಬೇರು ಬಿಟ್ಟಲ್ಲೆಲ್ಲ ಅಲ್ಲಿಯದೇ ಆಯಿತು. ಈ ನೆಲದಿಂದಲೇ ಹೋಗಿ ಈ ನೆಲಕ್ಕೇ ಮರಳಿದವರು ಮಾತ್ರ ಇನ್ನೂ 'ಸಿಲೋನಿನವರು'. ಹಳ್ಳಿ ಸಾಲಿಯ ಮಾಸ್ತರರೇ, ರಬ್ಬರ್ ಪಾಠ ಬಂದಾಗ ಹವಾಗುಣ, ಇಳುವರಿಯ ಜೊತೆಗೆ ಈ ತುಂಡು ಚೀಟಿಯ ಕತೆಯನ್ನೂ ಹೇಳಿರಿ. ಹಾಲು ಇಳಿಸಿದ ಕೈಗಳು ಯಾರವೆಂದು ಮಕ್ಕಳು ಕೇಳಲಿ.