ಅತಿಥಿಗೆ ಮೊದಲು ನೀರು: ದುರ್ಗದ ಸೀಮೆಯ ಆತಿಥ್ಯದ ಇತಿಹಾಸ

ತಿಥಿಯನ್ನು ಗೊತ್ತುಪಡಿಸದೆ ಬರುವವನೇ ಅತಿಥಿ ಎಂದು ನಮ್ಮ ಹಿರಿಯರು ಆ ಪದಕ್ಕೆ ಅರ್ಥ ಹೇಳುತ್ತ ಬಂದಿದ್ದಾರೆ. ಇಂದಿನ ಪ್ರವಾಸೋದ್ಯಮದ ಅತಿಥಿಯಾದರೋ ತಿಥಿಯನ್ನು ಗೊತ್ತುಪಡಿಸಿ, ಕೊಠಡಿಯನ್ನು ಕಾದಿರಿಸಿ, ಮುಂಗಡ ಹಣವನ್ನೂ ತೆತ್ತು ಬರುತ್ತಾನೆ. ಕಾಲ ಇಷ್ಟು ಬದಲಾದರೂ ಒಂದು ಸಂಗತಿ ಬದಲಾಗಿಲ್ಲ. ಮನೆಗೆ ಬಂದವನ ಮುಂದೆ ಮೊದಲು ಇಡಬೇಕಾದುದು ನೀರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತಹ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಆತಿಥ್ಯದ ಇತಿಹಾಸವನ್ನು ಹುಡುಕುತ್ತ ಹೊರಟವನು ಕೊನೆಗೆ ಬಂದು ನಿಲ್ಲುವುದು ಒಂದು ಕೆರೆಯ ಏರಿಯ ಮೇಲೆ ಅಥವಾ ಹೊಂಡದ ಮೆಟ್ಟಿಲಿನ ಮೇಲೆ. ಆ ಇತಿಹಾಸವನ್ನು ಸಂಕ್ಷೇಪವಾಗಿ ಪರಿಶೀಲಿಸಿ, ಯಾತ್ರಿನಿವಾಸವನ್ನೋ ವಸತಿಗೃಹವನ್ನೋ ಕಟ್ಟಿಸಲು ಯೋಚಿಸುತ್ತಿರುವ ಟ್ರಸ್ಟುಗಳೂ ಗೃಹಸ್ಥರೂ ಅದರಿಂದ ಗ್ರಹಿಸಬೇಕಾದುದೇನೆಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಈ ಪ್ರದೇಶವು ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿದೆ. ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ ಸುಮಾರು 600 ಮಿಲಿಮೀಟರ್ ಮಾತ್ರ. ಬಾಬಾಬುಡನ್ ಗಿರಿಯ ಕಡೆಯಿಂದ ಹರಿದುಬರುವ ವೇದಾವತಿಯು ಹೊಸದುರ್ಗ, ಹಿರಿಯೂರು ತಾಲ್ಲೂಕುಗಳನ್ನು ಹಾದು ಮುಂದೆ ತುಂಗಭದ್ರೆಯನ್ನು ಸೇರುತ್ತದೆಯಾದರೂ ಅದು ವರ್ಷವಿಡೀ ತುಂಬಿ ಹರಿಯುವ ಹೊಳೆಯಲ್ಲ. ಹೀಗಾಗಿ ಇಲ್ಲಿ ನೆಲೆನಿಂತವರೂ ಇಲ್ಲಿಗೆ ಬಂದುಹೋಗುವವರೂ ಕೂಡಿಟ್ಟ ಮಳೆನೀರಿನ ಋಣದಲ್ಲಿಯೇ ಬದುಕಬೇಕಾಯಿತು.

ಜಿಲ್ಲೆಯ ಅತಿ ಪ್ರಾಚೀನ ಲಿಖಿತ ದಾಖಲೆಗಳು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳು. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತನ್ನು ನಡೆಸಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಬ್ರಹ್ಮಗಿರಿಯ ಶಾಸನದ ಬೋಧೆ. ಅದೇ ಚಕ್ರವರ್ತಿಯು ತನ್ನ ಇತರ ಶಾಸನಗಳಲ್ಲಿ, ದಾರಿಗಳ ಬದಿಯಲ್ಲಿ ಬಾವಿಗಳನ್ನು ತೋಡಿಸಿ, ಮರಗಳನ್ನು ನೆಡಿಸಿ, ಪಯಣಿಗರಿಗೆ ತಂಗುದಾಣಗಳನ್ನು ಕಟ್ಟಿಸಿದ್ದನ್ನು ಹೇಳಿಕೊಂಡಿದ್ದಾನೆ. ಮನುಷ್ಯರಿಗೂ ಪ್ರಾಣಿಗಳಿಗೂ ಉಪಯೋಗವಾಗಲೆಂದೇ ಇವನ್ನು ಮಾಡಿಸಿದುದಾಗಿ ಆತ ಸ್ಪಷ್ಟಪಡಿಸಿದ್ದಾನೆ. ಪಯಣಿಗನ ಜೊತೆಗೆ ಅವನ ಎತ್ತಿನ ಬಾಯಾರಿಕೆಯನ್ನೂ ಲೆಕ್ಕಕ್ಕೆ ಹಿಡಿದ ಆತಿಥ್ಯವಿದು.

ಚಿತ್ರದುರ್ಗದ ಬೆಟ್ಟಗಳ ತಪ್ಪಲಿನ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, ಅನಂತರ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳೊಡನೆ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿಯ ನಾಣ್ಯಗಳೂ ಅಲ್ಲಿ ದೊರೆತಿವೆ. ಎರಡು ಸಾವಿರ ವರ್ಷಗಳ ಹಿಂದೆಯೇ ದೂರದೇಶದ ವ್ಯಾಪಾರದ ಎಳೆಯೊಂದು ಈ ಕಣಿವೆಯವರೆಗೆ ಬಂದಿತ್ತೆಂಬುದಕ್ಕೆ ಇವು ಸಾಕ್ಷಿ. ಅದೇ ಸ್ಥಳದಲ್ಲಿ ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ಬಂಡೆಗಲ್ಲಿನ ಶಾಸನವಿದೆ. ಅವನು ಜಯಿಸಿದ ರಾಜರ ಹೆಸರುಗಳನ್ನು ವಿದ್ವಾಂಸರು ಹೆಚ್ಚಾಗಿ ಚರ್ಚಿಸಿದ್ದಾರೆ. ಆದರೆ ಆ ಶಾಸನ ಹುಟ್ಟಿದುದೇ ಒಂದು ತಟಾಕದ, ಎಂದರೆ ಕೆರೆಯ, ನಿರ್ಮಾಣವನ್ನು ತಿಳಿಸುವುದಕ್ಕಾಗಿ. ಗೆಲುವಿನ ಪಟ್ಟಿಯನ್ನು ಬರೆಯಿಸಲು ರಾಜನಿಗೆ ಒಂದು ಕೆರೆಯ ನೆಪ ಬೇಕಾಯಿತೆಂದರೆ, ಈ ನೆಲದಲ್ಲಿ ಕೆರೆಗಿದ್ದ ಗೌರವ ಎಷ್ಟೆಂಬುದನ್ನು ಊಹಿಸಬಹುದು.

ಇನ್ನು ಕೋಟೆಯ ವಿಚಾರ. 1568ರಲ್ಲಿ ತಿಮ್ಮಣ್ಣನಾಯಕನಿಂದ ಮೊದಲುಗೊಂಡು 1779ರಲ್ಲಿ ಹೈದರಾಲಿಯು ಕೊನೆಯ ಮದಕರಿನಾಯಕನಿಂದ ದುರ್ಗವನ್ನು ಕಸಿದುಕೊಳ್ಳುವವರೆಗೆ, ಎರಡು ಶತಮಾನಗಳಿಗೂ ಮೀರಿ ಪಾಳೆಯಗಾರ ನಾಯಕರು ಇಲ್ಲಿಂದ ಆಳಿದರು. ಏಳು ಸುತ್ತಿನ ಕೋಟೆಯ ಗೋಡೆ, ಬತೇರಿ, ಬಾಗಿಲುಗಳನ್ನು ನೋಡಿ ಬೆರಗಾಗದವರಿಲ್ಲ. ಆದರೆ ಹೊಳೆಯಿಲ್ಲದ ಆ ಕಲ್ಲುಬೆಟ್ಟದ ಮೇಲೆ ಸೈನ್ಯ, ಪರಿವಾರ, ಜಾನುವಾರು, ಬಂದುಹೋಗುವ ಜನ ಇವರನ್ನೆಲ್ಲ ಸಾಕಿದ್ದು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡ, ತಣ್ಣೀರು ದೋಣಿ ಮೊದಲಾದ ಜಲಾಶಯಗಳು. ಬಂಡೆಯ ಮೇಲೆ ಬಿದ್ದ ಮಳೆಯನ್ನು ಮೇಲಿನ ಹೊಂಡದಲ್ಲಿ ತಡೆದು, ಅದು ತುಂಬಿ ಹೆಚ್ಚಾದ ನೀರು ಕೆಳಗಿನ ಹೊಂಡಕ್ಕೆ ಇಳಿಯುವಂತೆ ಮಾಡಿದ ವ್ಯವಸ್ಥೆಯು ಪಟ್ಟಣದೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳವರೆಗೆ ಮುಂದುವರಿದಿತ್ತು. ಒನಕೆ ಓಬವ್ವನ ಕಥೆಯನ್ನೇ ನೆನೆಯೋಣ. ಊಟಕ್ಕೆ ಕುಳಿತ ಗಂಡನಿಗೆ ನೀರು ತರಲೆಂದು ಹೋದಾಗಲೇ ಆಕೆಗೆ ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಸೈನಿಕರ ಸುಳಿವು ಸಿಕ್ಕಿತೆಂದು ಐತಿಹ್ಯ ಹೇಳುತ್ತದೆ. ಪ್ರವಾಸಿಗಳು ಆ ಕಿಂಡಿಯನ್ನು ತಪ್ಪದೆ ನೋಡುತ್ತಾರೆ. ಪಕ್ಕದ ತಣ್ಣೀರು ದೋಣಿಯ ಬಳಿ ನಿಂತು ಯೋಚಿಸುವವರು ವಿರಳ.

ರಾಜರು ಮಾಡಿದ್ದು ಇಷ್ಟಾದರೆ ಸಾಮಾನ್ಯ ಜನರ ಧರ್ಮಕಾರ್ಯಗಳು ಇದಕ್ಕೆ ಕಡಿಮೆಯಾದುವಲ್ಲ. ಬೇಸಿಗೆಯ ಅರವಟ್ಟಿಗೆ, ದನಕರುಗಳಿಗೆ ಗೋಕಟ್ಟೆ, ದಾರಿಯಲ್ಲಿ ಸಾಲುಮರ, ಊರ ಮುಂದೆ ಛತ್ರ ಇವು ನಮ್ಮ ನಾಡಿನ ಆತಿಥ್ಯದ ನಾಲ್ಕು ಕಂಬಗಳು. ಹೊಸದುರ್ಗದ ಬಳಿಯ ಹಾಲುರಾಮೇಶ್ವರಕ್ಕೆ ಭಕ್ತರು ಇಂದಿಗೂ ಹೋಗುವುದು ಅಲ್ಲಿನ ಗಂಗೆಯ ಕೊಳವನ್ನು ನಂಬಿ. ಅದೇ ತಾಲ್ಲೂಕಿನ ಹೆಗ್ಗೆರೆಯಲ್ಲಿ 12ನೆಯ ಶತಮಾನದ ಹೊಯ್ಸಳ ಶೈಲಿಯ ಪಾರ್ಶ್ವನಾಥ ಬಸದಿಯಿದೆ. ಹಿರಿದಾದ ಕೆರೆಯನ್ನು ಸೂಚಿಸುವ ಹೆಸರಿನ ಊರಿನಲ್ಲಿ ಬಸದಿ ಎದ್ದಿತೆಂಬುದನ್ನು ಗಮನಿಸಬೇಕು. ಹೊಳಲ್ಕೆರೆಯ ಹೆಸರಿನಲ್ಲಿಯೂ ಕೆರೆಯೇ ಇದೆ.

ಶ್ರಾವಕರ ಹನ್ನೆರಡು ವ್ರತಗಳಲ್ಲಿ ಅತಿಥಿ ಸಂವಿಭಾಗವೂ ಒಂದೆಂಬುದನ್ನು ವಾಚಕರು ಬಲ್ಲರು. ಸಂವಿಭಾಗವೆಂದರೆ ಹಂಚಿಕೊಳ್ಳುವುದು. ಗೃಹಸ್ಥನು ತನಗಾಗಿ ಸಿದ್ಧಪಡಿಸಿದ್ದರಲ್ಲಿ ಒಂದು ಭಾಗವನ್ನು ಅತಿಥಿಗೆ ಕೊಡಬೇಕೆಂಬುದು ಅದರ ತಾತ್ಪರ್ಯ. ನೆರೆಯವನ ಬಾವಿಯನ್ನು ಬತ್ತಿಸಿ ತಂದುಕೊಟ್ಟ ನೀರು ಈ ಅರ್ಥದಲ್ಲಿ ದಾನವಾಗಲಾರದು. ನೀರನ್ನು ಗಾಳಿಸಿ ಕುಡಿಯುವುದಷ್ಟೇ ಅಲ್ಲದೆ, ಗಾಳಿಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಆ ನೀರು ಬಂದ ಬಾವಿಗೇ ಮರಳಿ ಬಿಡುವ ಆಚಾರವನ್ನು ನಮ್ಮ ಮನೆಗಳ ಹಿರಿಯರು ಪಾಲಿಸುತ್ತಿದ್ದರು. ಪಡೆದ ಮೂಲಕ್ಕೆ ಹಿಂದಿರುಗಿಸುವ ಹೊಣೆ ಪಡೆದವನದೇ ಎಂಬ ವಿವೇಕ ಅದರಲ್ಲಿತ್ತು.

ಆಧುನಿಕ ಕಾಲದಲ್ಲಿ ಈ ಸೀಮೆಯ ಅತಿ ದೊಡ್ಡ ಜಲಕಾರ್ಯವೆಂದರೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆ. ವೇದಾವತಿಯು ಎರಡು ಬೆಟ್ಟಗಳ ನಡುವೆ ಹರಿದುಹೋಗುವ ಇಕ್ಕಟ್ಟಿನ ಜಾಗದಲ್ಲಿ ಮೈಸೂರು ಸಂಸ್ಥಾನವು ಕಟ್ಟಲಾರಂಭಿಸಿದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರು ಪ್ರಾಪ್ತವಯಸ್ಕರಾಗುವವರೆಗೆ ರಾಜ್ಯಭಾರ ವಹಿಸಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ನೆನಪಿಗೆ ಅದು ವಾಣಿವಿಲಾಸ ಸಾಗರವೆನಿಸಿತು. ಸುಮಾರು 1,330 ಅಡಿ ಉದ್ದದ ಈ ಕಟ್ಟೆಯ ಹಿಂದೆ ನಿಲ್ಲಬಲ್ಲ ನೀರು ಸುಮಾರು 30 ಟಿ.ಎಂ.ಸಿ. ಹಿರಿಯೂರಿನ ತೋಟಗಳಿಗಷ್ಟೇ ಅಲ್ಲದೆ ಚಿತ್ರದುರ್ಗ ನಗರಕ್ಕೂ ಕುಡಿಯುವ ನೀರು ಇಲ್ಲಿಂದಲೇ ಬರುತ್ತದೆ. ಆದರೆ 1933ರಲ್ಲಿ ತುಂಬಿ ಕೋಡಿ ಹರಿದ ಈ ಜಲಾಶಯವು ಮತ್ತೆ ಕೋಡಿ ಕಂಡದ್ದು 2022ರಲ್ಲಿ, ಎಂದರೆ 89 ವರ್ಷಗಳ ಮೇಲೆ. ಅಂದು ಕೋಡಿಯನ್ನು ನೋಡಲು ಜನ ತಂಡತಂಡವಾಗಿ ಬಂದರು. ಆ ಸಂಭ್ರಮ ಸಹಜವೇ. ಆದರೆ ಒಂದು ಒಳ್ಳೆಯ ವರ್ಷದ ನೀರನ್ನು ನಂಬಿ ನೂರು ವರ್ಷದ ಕಟ್ಟಡಕ್ಕೆ ಯೋಜನೆ ಹಾಕಬಾರದೆಂಬುದನ್ನು ಆ 89 ವರ್ಷಗಳು ಹೇಳುತ್ತವೆ.

ಪ್ರವಾಸಿಗಳು ದುರ್ಗಕ್ಕೆ ಹೆಚ್ಚಾಗಿ ಬರತೊಡಗಿದುದಕ್ಕೆ ಹಲವು ಕಾರಣಗಳಿವೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ರೈಲುದಾರಿ ಬಂದಿತು. ತ. ರಾ. ಸುಬ್ಬರಾಯರ ಐತಿಹಾಸಿಕ ಕಾದಂಬರಿಗಳು ನಾಯಕರ ಕಾಲವನ್ನು ಮನೆಮನೆಗೆ ತಲುಪಿಸಿದವು. ಅವರ ‘ದುರ್ಗಾಸ್ತಮಾನ’ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 1972ರಲ್ಲಿ ತೆರೆಕಂಡ ‘ನಾಗರಹಾವು’ ಚಲನಚಿತ್ರವು ಓಬವ್ವನ ಕಿಂಡಿಯನ್ನು ನಾಡಿಗೆಲ್ಲ ಪರಿಚಯಿಸಿತು. ಬೆಂಗಳೂರು-ಪುಣೆ ಹೆದ್ದಾರಿಯು ಚತುಷ್ಪಥವಾದ ಮೇಲೆ ಸುಮಾರು 200 ಕಿಲೋಮೀಟರ್ ದೂರದ ರಾಜಧಾನಿಯಿಂದ ಬೆಳಿಗ್ಗೆ ಹೊರಟು, ಕೋಟೆ ನೋಡಿ, ಸಂಜೆಗೆ ಹಿಂದಿರುಗುವುದು ಅಥವಾ ಹಂಪಿಯ ಕಡೆಗೆ ಮುಂದುವರಿಯುವುದು ಸುಲಭವಾಯಿತು. ಹೀಗೆ ಬಂದು ಹೋಗುವವರಿಂದ ಊರಿಗೆ ಉಳಿಯುವುದು ಅಲ್ಪ. ಅವರು ಬಿಟ್ಟುಹೋಗುವ ಪ್ಲಾಸ್ಟಿಕ್ ಬಾಟಲಿಯೇ ಬಹಳ. ಈ ತೊಡಕು ನಮ್ಮದು ಮಾತ್ರವಲ್ಲ. ಇಟಲಿಯ ವೆನಿಸ್ ನಗರವು ರಾತ್ರಿ ತಂಗದೆ ಹಗಲಿನಲ್ಲೇ ಬಂದು ಹೋಗುವ ಪ್ರವಾಸಿಗಳಿಗೆ, ಜನಸಂದಣಿಯ ಕೆಲವು ದಿನಗಳಂದು 5 ಯೂರೋ ಪ್ರವೇಶಶುಲ್ಕವನ್ನು 2024ರಲ್ಲಿ ವಿಧಿಸತೊಡಗಿತು. ಅದಕ್ಕೂ ಮೊದಲೇ, 2017ನೆಯ ಇಸವಿಯನ್ನು ಸುಸ್ಥಿರ ಪ್ರವಾಸೋದ್ಯಮದ ಅಂತಾರಾಷ್ಟ್ರೀಯ ವರ್ಷವಾಗಿ ವಿಶ್ವಸಂಸ್ಥೆಯು ಆಚರಿಸಿತ್ತು.

ಹಾಗಾದರೆ ವಸತಿಗೃಹಗಳನ್ನು ಹೆಚ್ಚಿಸಿ ಪ್ರವಾಸಿಗಳನ್ನು ರಾತ್ರಿ ಉಳಿಸಿಕೊಳ್ಳುವುದೇ ಪರಿಹಾರವೆಂದು ತೋರಬಹುದು. ಆ ವಾದದಲ್ಲಿ ಹುರುಳಿದೆ. ಮಳೆ ಕೈಕೊಟ್ಟ ವರ್ಷ ಊರು ಬಿಟ್ಟು ಕೂಲಿಗೆ ಹೋಗುವ ಯುವಕರಿರುವ ಜಿಲ್ಲೆಯಲ್ಲಿ ಮಾರ್ಗದರ್ಶಿಯಾಗಿಯೋ ಅಡಿಗೆಯವನಾಗಿಯೋ ನಾಲ್ಕು ಜನಕ್ಕೆ ಕೆಲಸ ಸಿಕ್ಕಿದರೆ ಅದನ್ನು ಬೇಡವೆನ್ನುವುದು ಧರ್ಮವಲ್ಲ. ಆದರೆ ವ್ಯಾಪಾರಿಯಾದವನು ಆದಾಯವನ್ನು ಮಾತ್ರ ಬರೆದು ಖಾತೆಯನ್ನು ಮುಚ್ಚುವುದಿಲ್ಲ. ಖರ್ಚಿನ ಪುಟವನ್ನೂ ಬರೆಯುತ್ತಾನೆ. ಇಲ್ಲಿ ಖರ್ಚಿನ ಮೊದಲ ಬಾಬು ನೀರು.

ಒಂದು ಸರಳ ಲೆಕ್ಕವನ್ನು ನೋಡೋಣ. ಭಾರತೀಯ ಮಾನಕ ಸಂಸ್ಥೆಯ ಮಾನಕದಲ್ಲಿ ಸಾಧಾರಣ ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ನೀರನ್ನು ಹಿಡಿಯಲಾಗಿದೆ. 40 ಕೊಠಡಿ, 80 ಹಾಸಿಗೆಯ ವಸತಿಗೃಹ ತುಂಬಿದ ದಿನ 14,400 ಲೀಟರ್ ಬೇಕು. ಅದರ ಛಾವಣಿಯ ವಿಸ್ತೀರ್ಣ 1,000 ಚದರ ಮೀಟರ್ ಎಂದಿಟ್ಟುಕೊಳ್ಳೋಣ. 600 ಮಿಲಿಮೀಟರ್ ಮಳೆಯಲ್ಲಿ ಬೀಳುವುದು 6 ಲಕ್ಷ ಲೀಟರ್. ಐದರಲ್ಲೊಂದು ಪಾಲು ವ್ಯರ್ಥವಾದರೂ 4,80,000 ಲೀಟರ್ ಕೂಡುತ್ತದೆ. ಇದು ಆ ವಸತಿಗೃಹಕ್ಕೆ ಸಾಲುವುದು ಸುಮಾರು 33 ದಿನ. ಉಳಿದ ಹನ್ನೊಂದು ತಿಂಗಳ ನೀರು ಎಲ್ಲಿಂದ ಬರಬೇಕು? ಕೊಳವೆಬಾವಿಯಿಂದ ಬರುವುದಾದರೆ ಅದು ನೆರೆಯ ರೈತನ ಅಡಿಕೆ, ತೆಂಗಿನ ಪಾಲು. ಟ್ಯಾಂಕರಿನಿಂದ ಬರುವುದಾದರೆ ಮತ್ತೊಂದು ಹಳ್ಳಿಯ ಪಾಲು. ಸ್ನಾನದ ನೀರನ್ನು ಶುದ್ಧಗೊಳಿಸಿ ಗಿಡಗಳಿಗೂ ಶೌಚಾಲಯಕ್ಕೂ ಬಳಸಿ, ಹಾಸಿಗೆಗೆ 90 ಲೀಟರಿನಲ್ಲಿ ನಿಭಾಯಿಸಿದರೆ ಅದೇ ಮಳೆನೀರು 66 ದಿನಗಳಿಗೆ ಬರುತ್ತದೆ. ಕೊರತೆ ಇನ್ನೂ ಉಳಿಯುತ್ತದೆ. ಅದನ್ನು ತುಂಬಬಲ್ಲುದು ಕೆರೆಯೊಂದೇ.

ಆದುದರಿಂದ ಟ್ರಸ್ಟುಗಳಲ್ಲಿ ಕೆಲವು ವಿನಂತಿಗಳಿವೆ. ಯಾತ್ರಿನಿವಾಸದ ನಕ್ಷೆಗೆ ಮುನ್ನ ಆ ಊರಿನ ಕೆರೆಯ ಅಥವಾ ಪುಷ್ಕರಿಣಿಯ ಹೂಳನ್ನು ತೆಗೆಸುವ ಸಂಕಲ್ಪವಾಗಲಿ. ದಾನಿಗಳ ಹೆಸರಿನ ಕಲ್ಲನ್ನು ಕೊಠಡಿಯ ಬಾಗಿಲಿನ ಬದಲು ಕೆರೆಯ ಏರಿಯ ಮೇಲೆ ನಿಲ್ಲಿಸಬಹುದು. ಹೆಗ್ಗೆರೆಯಂತಹ ಶಾಂತವಾದ ಸ್ಥಳಕ್ಕೆ ಒಂದು ದಿನಕ್ಕೆ ಎಷ್ಟು ಜನ ಬಂದರೆ ಬಸದಿಗೂ ಊರಿಗೂ ಹಾನಿಯಿಲ್ಲವೆಂಬುದನ್ನು ಊರವರೊಡನೆ ಕುಳಿತು ಮೊದಲೇ ನಿಶ್ಚಯಿಸಲಿ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶವೆಂದು 2010ರ ತಿದ್ದುಪಡಿ ಕಾಯಿದೆ ವಿಧಿಸಿದೆ. ಸಂರಕ್ಷಿತವಾಗದ ಹಳೆಯ ಬಸದಿ, ದೇಗುಲಗಳ ಸುತ್ತಲೂ ಅದೇ ಅಂತರವನ್ನು ನಾವಾಗಿಯೇ ಪಾಲಿಸಿದರೆ ತಡೆಯುವವರಾರು? ವರ್ಷಕ್ಕೊಮ್ಮೆ ನಡೆಯುವ ಉತ್ಸವದ ಜನಸಂದಣಿಗಾಗಿ ವರ್ಷವಿಡೀ ಖಾಲಿಯಿರುವ ಕಟ್ಟಡ ಬೇಕಿಲ್ಲ. ಶ್ರವಣಬೆಳಗೊಳದಲ್ಲಿ 2006 ಮತ್ತು 2018ರ ಮಹಾಮಸ್ತಕಾಭಿಷೇಕಗಳಿಗೆ ತಾತ್ಕಾಲಿಕ ಉಪನಗರಗಳನ್ನು ನಿರ್ಮಿಸಿದ ಮಾದರಿ ನಮ್ಮ ಕಣ್ಣ ಮುಂದಿದೆ. ಭೋಜನಶಾಲೆಯಲ್ಲಿ ಈ ನೆಲದ ರಾಗಿ, ಸಜ್ಜೆ, ಶೇಂಗಾಗಳಿಗೆ ಸ್ಥಾನವಿರಲಿ. ಕಡಿಮೆ ನೀರಿನಲ್ಲಿ ಬೆಳೆದ ಧಾನ್ಯವನ್ನು ಅತಿಥಿಗೆ ಬಡಿಸುವುದೂ ನೀರಿನ ಉಳಿತಾಯವೇ, ಮತ್ತು ಆ ಹಣ ಇಲ್ಲಿಯ ರೈತನಿಗೇ ಸೇರುತ್ತದೆ.

ಕೊಠಡಿಗಳು ಎಷ್ಟು, ಪ್ರವಾಸಿಗಳು ಎಷ್ಟು ಎಂಬ ಅಂಕಿಗಳನ್ನು ವಾರ್ಷಿಕ ವರದಿಯಲ್ಲಿ ಪ್ರಕಟಿಸುವ ಸಂಸ್ಥೆಗಳು ಅವುಗಳ ಪಕ್ಕದಲ್ಲಿ, ಈ ವರ್ಷ ಎಷ್ಟು ನೀರನ್ನು ತೆಗೆದುಕೊಂಡೆವು, ಎಷ್ಟನ್ನು ನೆಲಕ್ಕೆ ಹಿಂದಿರುಗಿಸಿದೆವು ಎಂಬ ಇನ್ನೊಂದು ಸಾಲನ್ನು ಸೇರಿಸಬೇಕು. ಆ ಸಾಲು ಸರಿದೂಗಿದ ವರ್ಷ ಮತ್ತೊಂದು ಕೊಠಡಿಯನ್ನು ಕಟ್ಟಲು ಯಾರ ಆಕ್ಷೇಪವೂ ಇರದು. ಸರಿದೂಗದ ವರ್ಷ, ಕಟ್ಟಡದ ನಿಧಿಯನ್ನು ಕೆರೆಯ ಖಾತೆಗೆ ವರ್ಗಾಯಿಸುವ ಧೈರ್ಯವನ್ನು ನಮ್ಮ ಆಡಳಿತ ಮಂಡಳಿಗಳು ತೋರಬೇಕಾಗಿದೆ.