ಲಂಡನ್ನಿನ ಹುಲಿಯೂ ಸೂಳೆಕೆರೆಯ ಏರಿಯೂ

ಲಂಡನ್ ನಗರದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಟಿಪ್ಪುಸುಲ್ತಾನನ ಮರದ ಹುಲಿಯ ಮುಂದೆ ನಾವು ಬಹಳ ಹೊತ್ತು ನಿಂತೆವು. ಪರಂಗಿಯವನ ಮೇಲೆರಗಿದ ಆ ಹುಲಿಯ ಒಡಲಲ್ಲಿ ವಾದ್ಯಯಂತ್ರವೊಂದಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅದು ಸಮುದ್ರವನ್ನು ದಾಟಿತು. 1808ರಿಂದ ಈಸ್ಟ್ ಇಂಡಿಯಾ ಕಂಪೆನಿಯ ಭವನದಲ್ಲಿ ಪ್ರದರ್ಶಿತವಾಗಿ, 1880ರಲ್ಲಿ ಈಗಿನ ಸಂಗ್ರಹಕ್ಕೆ ಸೇರಿತು. ಕುಶಲತೆಯನ್ನು ಮೆಚ್ಚಿದೆವು, ಮನಸ್ಸು ಮಾತ್ರ ಹಗುರಾಗಲಿಲ್ಲ.

ನಾಡಿಗೆ ಮರಳಿ, ಚನ್ನಗಿರಿ ಸೀಮೆಯ ಸೂಳೆಕೆರೆಯ ಏರಿಯನ್ನು ಹತ್ತಿದೆವು. ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ಹರಿದ್ರಾ ಹೊಳೆಯನ್ನು ತಡೆದು ಕಟ್ಟಿದ ಏರಿಯಿದು. ಕಟ್ಟಿಸಿದವಳು ಶಾಂತವ್ವೆಯೆಂಬ ರಾಜಪುತ್ರಿಯೆಂದು ಐತಿಹ್ಯವುಂಟು. ಸಿದ್ಧ, ಬಸವ ಎಂಬ ನಾಲೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತವೆ. ಈ ನಿರ್ಮಾಣವನ್ನು ಯಾರೂ ಹಡಗಿಗೇರಿಸಲಾರರು. ಆದರೆ ಹೂಳು ತುಂಬಲು ಬಿಟ್ಟೆವಾದರೆ ಇದ್ದಲ್ಲಿಯೇ ಇದನ್ನು ಕಳೆದುಕೊಂಡೇವು. ಲಂಡನ್ನಿನ ಹುಲಿಗೆ ಕಾವಲುಗಾರರಿದ್ದಾರೆ. ಈ ಕೆರೆಯನ್ನು ಕಾಯಬೇಕಾದವರು ನಾವೇ.